ಆಷಾಢದ ಅಬ್ಬಿಯೂ ಕಾಲಿನ ವ್ರತವೂ

ಪಶ್ಚಿಮ ಘಟ್ಟದ ಅಬ್ಬಿಗಳು ಮೈತುಂಬಿ ಧುಮುಕುವುದು ಆಷಾಢ, ಶ್ರಾವಣಗಳಲ್ಲಿ. ಜನ ಅವುಗಳನ್ನು ಹುಡುಕಿಕೊಂಡು ಹೊರಡುವುದೂ ಆಗಲೇ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಟೆಂಪೊ ಟ್ರಾವೆಲರ್‌ಗಳು ಶನಿವಾರ ಬೆಳಕು ಹರಿಯುವಷ್ಟರಲ್ಲಿ ಕೊಡಚಾದ್ರಿಯ ಬುಡದಲ್ಲೋ ಚಾರ್ಮಾಡಿಯ ತಿರುವಿನಲ್ಲೋ ಸಾಲುಗಟ್ಟಿ ನಿಂತಿರುತ್ತವೆ. ರೇನ್‌ಕೋಟು ತೊಟ್ಟು, ರಕ್ತ ಹೀರುವ ಉಂಬಳ ಹತ್ತದಿರಲೆಂದು ಕಾಲಿಗೆ ಉಪ್ಪೋ ಹೊಗೆಸೊಪ್ಪಿನ ನೀರೋ ಸವರಿಕೊಂಡು, ಹಿಡ್ಲುಮನೆಗೋ ಬಂಡಾಜೆ ಅರ್ಬಿಗೋ ಎಂದು ಜನ ಕಾಡು ಹೊಗುತ್ತಾರೆ. ಹೀಗೆ ಹೋಗುವವರೆಲ್ಲ ಬರೀ ಮೋಜಿಗೆ ಹೋಗುತ್ತಾರೆಂದು ತಳ್ಳಿಹಾಕುವುದು ಅನ್ಯಾಯ. ಅಬ್ಬಿಯ ಎದುರು ನಿಂತ ಗಳಿಗೆಯನ್ನು ಹೇಳಿಕೊಳ್ಳಲು ಅವರಲ್ಲಿ ಅನೇಕರು ಧರ್ಮದ ಮಾತುಗಳನ್ನೇ ಎತ್ತಿಕೊಳ್ಳುತ್ತಾರೆ. ದೇವರ ಸನ್ನಿಧಿಯಲ್ಲಿ ನಿಂತ ಹಾಗಾಯಿತು, ನಾನು ಎಂಬುದು ಕರಗಿಹೋಯಿತು, ನನಗೆ ಇದೇ ತೀರ್ಥಯಾತ್ರೆ ಎನ್ನುತ್ತಾರೆ. ಇದನ್ನು ಬೂಟಾಟಿಕೆಯೆಂದು ನಾನು ತಿಳಿಯುವುದಿಲ್ಲ. ಅವರ ಮಾತನ್ನು ಹಾಗೆಯೇ ನಂಬಿ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ, ಅಷ್ಟೆ. ಇದು ಯಾತ್ರೆಯೇ ಆದರೆ, ಯಾತ್ರೆಗೊಂದು ಕಾಲ, ಒಂದು ನಿಯಮ ಇರಬೇಕಲ್ಲ? ಮಳೆಗೂ ನಡಿಗೆಗೂ ಇರುವ ನಂಟನ್ನು ಈ ನೆಲದ ಧರ್ಮಗಳು ಎರಡೂವರೆ ಸಾವಿರ ವರ್ಷಗಳಿಂದ ಯೋಚಿಸುತ್ತ ಬಂದಿವೆ. ಆತ್ಮ ಇದೆಯೇ ಇಲ್ಲವೇ ಎಂಬಲ್ಲಿಂದ ಹಿಡಿದು ಎಷ್ಟೋ ವಿಷಯಗಳಿಗೆ ಕಚ್ಚಾಡಿದ ಬೌದ್ಧ, ಜೈನ, ವೈದಿಕ ಸಂನ್ಯಾಸಿಗಳು ಇಲ್ಲಿ ಮಾತ್ರ ಒಂದೇ ದನಿಯಲ್ಲಿ ಮಾತಾಡುತ್ತಾರೆ: ಮಳೆಗಾಲದಲ್ಲಿ ತಿರುಗಬೇಡ. ಆ ಮಾತು ಇಂದಿನ ಚಾರಣಿಗನಿಗೂ ಸಲ್ಲುತ್ತದೆ ಎಂಬುದು ನನ್ನ ವಾದ.

ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಈ ನಿಯಮ ಹುಟ್ಟಿದ ಸಂದರ್ಭವೇ ದಾಖಲಾಗಿದೆ. ಬುದ್ಧನ ಭಿಕ್ಷುಗಳು ಮೊದಮೊದಲು ಚಳಿ, ಬೇಸಿಗೆ, ಮಳೆ ಎನ್ನದೆ ಊರೂರು ಸುತ್ತುತ್ತಿದ್ದರು. ಜನ ಅದನ್ನು ಆಡಿಕೊಂಡರು. ಇವರು ಹಸಿರು ಹುಲ್ಲನ್ನು ತುಳಿಯುತ್ತಾರೆ, ಏಕೇಂದ್ರಿಯ ಜೀವಗಳನ್ನು ನೋಯಿಸುತ್ತಾರೆ, ಲೆಕ್ಕವಿಲ್ಲದಷ್ಟು ಸಣ್ಣ ಪ್ರಾಣಿಗಳನ್ನು ಕೊಲ್ಲುತ್ತಾರೆ. ಬೇರೆ ಪಂಥದವರು ಕೂಡ ಮಳೆ ಬಂತೆಂದರೆ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳೂ ಮರದ ತುದಿಯಲ್ಲಿ ಗೂಡು ಕಟ್ಟಿ ಕೂರುತ್ತವೆ, ಇವರಿಗೇನು ಬಂದಿದೆ ಎಂಬುದು ದೂರಿನ ಸಾರ. ದೂರು ಬುದ್ಧನ ಕಿವಿಗೆ ಬಿತ್ತು. ಮಳೆಗಾಲದ ಮೂರು ತಿಂಗಳು ಭಿಕ್ಷು ಒಂದೇ ಕಡೆ ಇರಬೇಕೆಂಬ ಕಟ್ಟಳೆ ಬಂತು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ದೂರಿನಲ್ಲಿ ಏನಿಲ್ಲ ಎಂಬುದು. ಭಿಕ್ಷು ಜಾರಿ ಬಿದ್ದಾನು, ಹೊಳೆಯಲ್ಲಿ ಕೊಚ್ಚಿಹೋದಾನು ಎಂಬ ಚಿಂತೆ ಅದರಲ್ಲಿ ಎಲ್ಲೂ ಇಲ್ಲ. ಚಿಂತೆಯೆಲ್ಲ ಅವನ ಪಾದದಡಿಗೆ ಸಿಕ್ಕವರದು. ಬುದ್ಧನ ಸಂಘಕ್ಕೆ ಈ ಸೂಕ್ಷ್ಮವನ್ನು ತೋರಿಸಿಕೊಟ್ಟದ್ದು ಧ್ಯಾನಕ್ಕೆ ಕುಳಿತವರಲ್ಲ, ಹೊಲ ಮನೆ ಮಾಡಿಕೊಂಡಿದ್ದ ಸಾಮಾನ್ಯ ಜನ. ಮಳೆಯಲ್ಲಿ ನೆಲ ಹೇಗಿರುತ್ತದೆಂದು ಗೊತ್ತಿದ್ದವರು ಅವರೇ ತಾನೆ.

ಜೈನರು ಇದನ್ನು ಇನ್ನೂ ಬಿಗಿಯಾಗಿ ಹಿಡಿದರು. ಅವರ ತತ್ತ್ವದಲ್ಲಿ ಮಣ್ಣು, ನೀರು, ಚಿಗುರು ಎಲ್ಲವೂ ಜೀವದ ನೆಲೆಗಳೇ. ಮಳೆ ಹಿಡಿದ ಮೇಲೆ ಮುನಿಯಾದವನು ಊರಿಂದೂರಿಗೆ ಹೋಗಕೂಡದು ಎನ್ನುವ ಆಚಾರಾಂಗ ಸೂತ್ರ ಕೊಡುವ ಕಾರಣ ದಾರಿಗೆ ಸಂಬಂಧಿಸಿದ್ದು. ಜೀವಗಳು ಹುಟ್ಟಿರುತ್ತವೆ, ಬೀಜಗಳು ಮೊಳೆತಿರುತ್ತವೆ, ದಾರಿ ಅವುಗಳಿಂದ ತುಂಬಿಕೊಂಡಿರುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ. ನಾಲ್ಕು ತಿಂಗಳು ಕಳೆದು, ಮೇಲೆ ಐದೋ ಹತ್ತೋ ದಿನ ದಾಟಿದರೂ ದಾರಿಯಲ್ಲಿ ಜೀವಗಳು ಹಾಗೆಯೇ ತುಂಬಿದ್ದರೆ ಆಗಲೂ ಹೊರಡಬಾರದು ಎನ್ನುತ್ತದೆ ಆ ಗ್ರಂಥ. ಪಂಚಾಂಗ ಅನುಮತಿ ಕೊಟ್ಟರೂ ನೆಲ ಅನುಮತಿ ಕೊಡಬೇಕು. ಅದು ಶ್ವೇತಾಂಬರರ ಆಗಮ, ನಮ್ಮಲ್ಲಿ ಹೆಚ್ಚಾಗಿರುವವರು ದಿಗಂಬರರು. ಆದರೆ ದಿಗಂಬರ ಮುನಿಗಳೂ ಚಾತುರ್ಮಾಸ ಕೂರುತ್ತಾರೆ. ವೈದಿಕರ ಕಡೆ ಬಂದರೆ ಗೌತಮ ಧರ್ಮಸೂತ್ರ ಭಿಕ್ಷುವಿಗೆ ಮಳೆಗಾಲದಲ್ಲಿ ಸ್ಥಿರವಾಸವನ್ನು ವಿಧಿಸುತ್ತದೆ, ಶೃಂಗೇರಿಯಿಂದ ಉಡುಪಿಯ ಅಷ್ಟಮಠಗಳವರೆಗೆ ಯತಿಗಳು ಇಂದಿಗೂ ಆಷಾಢದ ಹುಣ್ಣಿಮೆಯ ಆಸುಪಾಸಿನಲ್ಲಿ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಪಕ್ಷವನ್ನೇ ಮಾಸವೆಂದು ಲೆಕ್ಕ ಹಿಡಿದು ನಾಲ್ಕು ತಿಂಗಳನ್ನು ಎರಡಕ್ಕೆ ಇಳಿಸಿಕೊಂಡದ್ದೂ ಉಂಟೆನ್ನಿ. ಕಟ್ಟಳೆ ಇದ್ದಲ್ಲಿ ರಿಯಾಯಿತಿ ಹುಟ್ಟದೆ ಇರುತ್ತದೆಯೇ? ಆದರೂ ಒಂದು ಮಾತು ಉಳಿಯುತ್ತದೆ. ಒಂದೆಡೆ ನಿಲ್ಲಬಾರದು, ನಿಂತರೆ ನೆಲಕ್ಕೂ ಜನಕ್ಕೂ ಅಂಟಿಕೊಳ್ಳುತ್ತೀಯೆ ಎಂದು ಬೋಧಿಸಿಕೊಂಡವರು ಇವರು. ತಿರುಗುವುದೇ ಇವರ ಧರ್ಮ. ಅಂಥವರೇ ತಮ್ಮ ಧರ್ಮವನ್ನು ಮಳೆಯ ಎದುರು ಮಡಿಸಿಟ್ಟರು.

ಬೈರಾಗಿಗಳ ಮಾತಾಯಿತು, ಸಂಸಾರಿಗಳ ಕತೆಗೆ ಬರೋಣ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ವಾಲಿಯ ವಧೆಯಾಗಿದೆ, ಸುಗ್ರೀವನಿಗೆ ಪಟ್ಟವಾಗಿದೆ. ಸೀತೆ ಎಲ್ಲಿದ್ದಾಳೋ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ರಾಮ ಸುಗ್ರೀವನಿಗೆ ಹೇಳುವುದು, ಶ್ರಾವಣ ಬಂತು, ಇದು ಹೊರಡುವ ಕಾಲವಲ್ಲ, ಕಾರ್ತಿಕ ಬರಲಿ ಎಂದು. ತಾನು ತಮ್ಮನೊಂದಿಗೆ ಪ್ರಸ್ರವಣ ಗಿರಿಯ ಗುಹೆಯೊಂದರಲ್ಲಿ ಉಳಿದುಬಿಡುತ್ತಾನೆ. ಹಂಪಿಯ ಮಾಲ್ಯವಂತ ಬೆಟ್ಟವೇ ಅದೆಂದು ನಮ್ಮಲ್ಲಿ ನಂಬಿಕೆ. ಅಲ್ಲಿನ ರಘುನಾಥ ಗುಡಿಯೂ ಆ ನಂಬಿಕೆಯ ಮೇಲೇ ನಿಂತಿದೆ. ಕಾವ್ಯದಲ್ಲಿ ಮಳೆಯ ಬಣ್ಣನೆ ಸರ್ಗವಿಡೀ ಹರಿಯುವುದು ಇಲ್ಲಿಯೇ. ಮೋಡ, ಮಿಂಚು, ಬೆಟ್ಟದಿಂದ ಇಳಿಯುವ ತೊರೆ, ನವಿಲು, ಕಪ್ಪೆ, ಎಲ್ಲವನ್ನೂ ರಾಮ ಕಾಣುತ್ತಾನೆ. ಕೂತಲ್ಲಿಂದ ಕಾಣುತ್ತಾನೆ. ಕಾಳಿದಾಸನ ಮೇಘದೂತದಲ್ಲೂ ಇದೇ ಏರ್ಪಾಡು. ಆಷಾಢದ ಮೊದಲ ದಿನ ಯಕ್ಷ ರಾಮಗಿರಿಯಲ್ಲಿ ಕಟ್ಟುಬಿದ್ದಿದ್ದಾನೆ, ಹೋಗುವುದು ಮೋಡ. ರಾಮ ನಿಂತದ್ದು ಅಹಿಂಸೆಗಾಗಿ ಅಲ್ಲ, ದಾರಿ ಕೆಟ್ಟಿತ್ತು, ದಂಡು ನಡೆಯದ ಕಾಲ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜವೇ. ನಾನು ಇದನ್ನು ಎತ್ತಿದ್ದು ಅಹಿಂಸೆಯ ಸಾಕ್ಷಿಯಾಗಿ ಅಲ್ಲ. ಮಳೆಗಾಲದ ಬೆಟ್ಟದ ಸೊಬಗನ್ನು ಕಾಣಬೇಕಾದರೆ ಅದರೊಳಕ್ಕೆ ನುಗ್ಗಲೇಬೇಕು ಎಂಬ ಇಂದಿನ ಗ್ರಹಿಕೆಗೆ ನಮ್ಮ ಕಾವ್ಯದಲ್ಲಿ ಆಧಾರವಿಲ್ಲ. ಮಳೆಯನ್ನು ಚೆನ್ನಾಗಿ ಕಂಡವರು ಕಾಲು ಮುರಿದುಕೊಂಡು ಕೂತವರೇ.

ಗ್ರಂಥಗಳನ್ನು ಬದಿಗಿಟ್ಟು ಘಟ್ಟದ ಊರುಗಳ ಹಬ್ಬಹರಿದಿನಗಳನ್ನು ನೋಡಿದರೂ ಇದೇ ಕಾಣುತ್ತದೆ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅಂದಿಗೆ ಜಾತ್ರೆ, ದೈವದ ಕೋಲಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮತ್ತೆ ಶುರುವಾಗುವುದು ಮಳೆ ಹಿಂದೆ ಸರಿದ ಮೇಲೆ. ಬೆಟ್ಟ ಮತ್ತು ನೀರಿನ ದೊಡ್ಡ ಯಾತ್ರೆಗಳೂ ಹಾಗೆಯೇ ಬಿದ್ದಿವೆ. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ. ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ಜನ ಸಾಲುಗಟ್ಟಿ ಹತ್ತುವುದು ದೀಪಾವಳಿಗೆ. ಕೊಡಗಿನ ಇರ್ಪು ಅಬ್ಬಿಯಂತೂ ಅಪ್ಪಟ ತೀರ್ಥಕ್ಷೇತ್ರ. ಅಣ್ಣನ ಬಾಯಾರಿಕೆ ತಣಿಸಲು ಲಕ್ಷ್ಮಣ ಬಾಣ ಬಿಟ್ಟು ತರಿಸಿದ ನೀರು ಅದೆಂದು ಸ್ಥಳಪುರಾಣ. ಅಲ್ಲಿ ಜನ ಸೇರಿ ಮೀಯುವ ದಿನ ಶಿವರಾತ್ರಿ, ಅಬ್ಬಿ ಸೊರಗಿ ಕಲ್ಲಿನ ಎಲುಬು ಕಾಣುವ ಹೊತ್ತು. ಅಬ್ಬಿಯ ಆರ್ಭಟವೇ ದೈವವೆಂದು ಹಿಂದಿನವರು ಬಗೆದಿದ್ದರೆ ಶ್ರಾವಣದಲ್ಲೊಂದು ದಿನ ಗೊತ್ತುಮಾಡುವುದು ಅವರಿಗೆ ಕಷ್ಟವಿರಲಿಲ್ಲ. ಶ್ರಾವಣಕ್ಕೆ ಅವರು ಇಟ್ಟದ್ದು ನಾಗರಪಂಚಮಿ. ಅಂದು ನೆಲ ಅಗೆಯಬಾರದು, ನೇಗಿಲು ಹೂಡಬಾರದು ಎಂಬ ಕಟ್ಟು ಇಂದಿಗೂ ಎಷ್ಟೋ ಮನೆಗಳಲ್ಲಿದೆ.

ಹಾಗಾದರೆ ಮಳೆಗಾಲದ ಕಾಡಿನ ದಾರಿಯಲ್ಲಿ ನಿಜಕ್ಕೂ ಏನಿದೆ? ಜೋಗದಿಂದ ಅಷ್ಟೇನೂ ದೂರವಿಲ್ಲದ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳನ್ನೇ ತೆಗೆದುಕೊಳ್ಳಿ. ಅಲ್ಲಿ 2014ರಲ್ಲಿ ವಿಜ್ಞಾನಿಗಳು ಒಂದು ಕಪ್ಪೆಯನ್ನು ಹೊಸ ಪ್ರಭೇದವೆಂದು ಗುರುತಿಸಿ ಅದಕ್ಕೆ ಕನ್ನಡದ ಹೆಸರನ್ನೇ ಇಟ್ಟರು, ಕುಂಬಾರ ಕಪ್ಪೆ. ಮಳೆಗಾಲದ ರಾತ್ರಿಗಳಲ್ಲಿ ಇದು ಹಳ್ಳದ ನೀರಿಗಿಂತ ತುಸು ಮೇಲಿರುವ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮೆತ್ತಿ, ತಟ್ಟಿ, ಮತ್ತೆ ಕೆಸರು ತರುತ್ತದೆ. ಮೊಟ್ಟೆ ಒಣಗದಿರಲೆಂದು, ಬೇಟೆಗಾರರ ಕಣ್ಣಿಗೆ ಬೀಳದಿರಲೆಂದು ಈ ಏರ್ಪಾಡು ಎಂಬುದು ಅಧ್ಯಯನ ಮಾಡಿದವರ ಊಹೆ. ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಉದುರಿಕೊಳ್ಳುತ್ತವೆ. ಈಗ ಅಂಥದೇ ಒಂದು ಹಳ್ಳವನ್ನು ದಾಟುವ ಚಾರಣಿಗನನ್ನು ನೆನೆಯಿರಿ. ಕಣಕಾಲು ಮುಳುಗುವ ನೀರು, ಪಾಚಿಗಟ್ಟಿದ ಕಲ್ಲು. ಕಾಲು ಜಾರುತ್ತದೆ, ಕೈ ತಾನಾಗಿ ದಂಡೆಯ ಬೇರನ್ನೋ ಬಾಗಿದ ಕಡ್ಡಿಯನ್ನೋ ಹಿಡಿಯುತ್ತದೆ. ಮೊಟ್ಟೆ ಇರುವುದು ಅಲ್ಲೇ. ಅಲ್ಲಿ ಅಂಟಿರುವ ಕೆಸರಿನ ಉಂಡೆ ಅವನಿಗೆ ಬರೀ ಕೆಸರು. ಅವನು ಕೇಡಿಗನಲ್ಲ, ಏನೂ ಕಾಣದವನು, ಅಷ್ಟೆ. ನೂರಾರು ಜನ ಒಂದೇ ವಾರಾಂತ್ಯದಲ್ಲಿ ಅದೇ ಹಳ್ಳವನ್ನು ಅದೇ ಜಾಗದಲ್ಲಿ ದಾಟುತ್ತಾರೆ. ಕೊಚ್ಚೆಯಾದ ಕಾಲುದಾರಿಯನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಮರುವಾರಕ್ಕೆ ಅದೂ ಕೊಚ್ಚೆ. ಹೀಗೆ ಒಂದಡಿಯ ದಾರಿ ಅಗಲವಾಗಿ, ಬೋಳು ಗುಡ್ಡದ ಇಳಿಜಾರಿನಲ್ಲಿ ನೀರು ಹರಿಯುವ ಕೊರಕಲಾಗುತ್ತದೆ. ಉಂಬಳದ ಮಾತು ಬೇರೆ. ಉಪ್ಪು ಬಿದ್ದ ಉಂಬಳ ಮೈಯ ನೀರು ಹೊರಬಂದು ಮುದುಡಿ ಸಾಯುತ್ತದೆ. ಅದಕ್ಕಾಗಿ ಮರುಗುವವರು ಮಲೆನಾಡಿನಲ್ಲೂ ಕಡಿಮೆ, ನಾನೂ ಆ ವಾದವನ್ನು ಹೆಚ್ಚು ಎಳೆಯಲಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡೆಂಬುದು ಬಾಣಂತಿ ಕೋಣೆ. ಬಾಣಂತಿಯನ್ನೂ ಕೂಸನ್ನೂ ನೋಡಬೇಕೆಂಬ ಆಸೆ ಸಹಜವೇ, ಹಾಗೆಂದು ಊರವರೆಲ್ಲ ಕೆಸರುಗಾಲಲ್ಲಿ ಆ ಬಾಗಿಲು ದಾಟುವುದಿಲ್ಲ.

ಮಳೆಗಾಲದ ಚಾರಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಈ ದಿಕ್ಕಿಗೆ ಬರುವುದೇ ಇಲ್ಲ. ಅದು ಅಪಾಯದ ಸುತ್ತಲೇ ಗಿರಕಿ ಹೊಡೆಯುತ್ತದೆ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿಯಲ್ಲಿ ಯುವಕನೊಬ್ಬ ಬಂಡೆಯಿಂದ ಜಾರಿ ಹೋದ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಅದೇ ತಿಂಗಳು ದೂಧ್‌ಸಾಗರಕ್ಕೆಂದು ರೈಲು ಹಳಿಯ ಮೇಲೆ ನಡೆದು ಹೊರಟವರಿಗೆ ಪೊಲೀಸರು ಬಸ್ಕಿ ಹೊಡೆಸಿದ ಸುದ್ದಿಯೂ ಬಂತು. ಬೋಗಿಯಲ್ಲಿ ಕೂತೇ ಜಲಪಾತ ನೋಡಿ ಎಂದು ರೈಲ್ವೆ ಇಲಾಖೆ ಕೇಳಿಕೊಂಡಿತು. ಪ್ರಾಣ ದೊಡ್ಡದು, ಅದನ್ನು ಕಾಯುವ ನಿರ್ಬಂಧ ಬೇಕು. ಆದರೆ ತಾತ್ತ್ವಿಕವಾಗಿ ಈ ಅಪಾಯದ ವಾದ ಪೊಳ್ಳು. ನನ್ನ ಜೀವ ನನ್ನದು, ನಾನು ಎಚ್ಚರದಿಂದ ಹೋಗುತ್ತೇನೆ, ಹಗ್ಗ ತರುತ್ತೇನೆ, ಗೈಡ್ ಇಟ್ಟುಕೊಳ್ಳುತ್ತೇನೆ ಎಂದರೆ ಅಲ್ಲಿಗೆ ಬಾಯಿ ಕಟ್ಟಿಹೋಗುತ್ತದೆ. ಇಡೀ ಮಾತುಕತೆಯಲ್ಲಿ ಇರುವುದು ಒಬ್ಬನೇ, ಹೋಗುವವನು. ಜರ್ಮನಿಯ ದಾರ್ಶನಿಕ ಕಾಂಟ್ 1790ರ ತನ್ನ ಗ್ರಂಥದಲ್ಲಿ ಭವ್ಯತೆಯನ್ನು ಕುರಿತು ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಮಹಾನದಿಯ ಎತ್ತರದ ಜಲಪಾತ ಅವನ ಉದಾಹರಣೆಗಳಲ್ಲೊಂದು. ನಾವು ಸುರಕ್ಷಿತವಾದ ಜಾಗದಲ್ಲಿದ್ದಾಗ ಮಾತ್ರ ಅದರ ಭೀಕರತೆ ನಮ್ಮನ್ನು ಸೆಳೆಯುತ್ತದೆ, ಆ ಎದುರುನಿಲ್ಲುವಿಕೆಯಲ್ಲಿ ನಮ್ಮೊಳಗೆ ನಿಸರ್ಗಕ್ಕಿಂತ ಮೇಲಾದ ಒಂದು ಶಕ್ತಿ ಇದೆಯೆಂದು ಅರಿವಾಗುತ್ತದೆ ಎನ್ನುತ್ತಾನೆ. ಆಳವಾದ ಮಾತೇ. ಆದರೆ ನೋಡಿ, ಅಬ್ಬಿ ದೊಡ್ಡದೆಂದು ಹೊರಟ ವಿಚಾರ ಮನುಷ್ಯ ದೊಡ್ಡವನೆಂಬಲ್ಲಿಗೆ ಬಂದು ನಿಂತಿತು. ಅಬ್ಬಿಯ ಎದುರು ನಾನು ಕರಗಿಹೋದೆ ಎನ್ನುವ ನಮ್ಮ ಚಾರಣಿಗರೂ ಬಹುಪಾಲು ಇದೇ ದಾರಿಯಲ್ಲಿದ್ದಾರೆ ಎಂಬುದು ನನ್ನ ಗುಮಾನಿ. ಕರಗಿದ 'ನಾನು' ಕಾಲಿನ ಕೆಳಗೆ ಏನಿದೆಯೆಂದು ಒಂದು ಸಲವಾದರೂ ಬಗ್ಗಿ ನೋಡಬೇಕಿತ್ತಲ್ಲ.

ಇದಕ್ಕೆ ಎದುರು ಹೇಳಬಹುದಾದ ಮಾತುಗಳಲ್ಲಿ ಗಟ್ಟಿಯಾದದ್ದು ಪಂಢರಪುರದ ವಾರಿ. ಆಳಂದಿ, ದೇಹುಗಳಿಂದ ಪಾಲಕಿ ಹೊತ್ತು ಲಕ್ಷಾಂತರ ವಾರಕರಿಗಳು ನಡೆಯುವುದು ಜ್ಯೇಷ್ಠ, ಆಷಾಢಗಳಲ್ಲೇ. ಬೆಳಗಾವಿ, ವಿಜಯಪುರ, ಬೀದರ ಕಡೆಯ ಕನ್ನಡಿಗರೂ ಅದರಲ್ಲಿ ಸೇರುತ್ತಾರೆ. ಮಳೆಯಲ್ಲಿ ನಡೆಯುವುದು ಅಧರ್ಮವಾದರೆ ಇದೇನು? ಉತ್ತರ ವಾರಿಯ ತಿಥಿಯಲ್ಲೇ ಇದೆ. ಆ ನಡಿಗೆ ಮುಗಿಯುವುದು ಆಷಾಢ ಶುದ್ಧ ಏಕಾದಶಿಯಂದು, ವಿಷ್ಣು ಮಲಗುವ ಶಯನೀ ಏಕಾದಶಿಯಂದು. ಚಾತುರ್ಮಾಸ್ಯ ಹಿಡಿಯುವುದೂ ಆ ಹೊತ್ತಿಗೇ. ನಡಿಗೆ ಮುಗಿದಲ್ಲಿ ನಿಲುಗಡೆ ಶುರು. ಅವರು ನಡೆಯುವುದು ದಖ್ಖಣದ ಬಯಲಿನಲ್ಲಿ, ಊರಿಂದೂರಿಗೆ ಹಾದುಹೋಗುವ ಹೆದ್ದಾರಿಯಲ್ಲಿ, ದಿಂಡಿ ಎಂಬ ತಂಡಗಳ ಶಿಸ್ತಿನಲ್ಲಿ. ಕಾಡಿನ ಹಳ್ಳ ಹತ್ತಿ ಅಲ್ಲ. ಅಮರನಾಥದ ಯಾತ್ರೆ ಶ್ರಾವಣದಲ್ಲಿ ನಡೆಯುತ್ತದಲ್ಲ ಎಂದರೆ, ವರ್ಷದ ಬಹುಕಾಲ ಆ ಕಣಿವೆ ಹಿಮದಲ್ಲಿ ಮುಚ್ಚಿರುತ್ತದೆ. ನಮ್ಮ ಅಬ್ಬಿಗಳಿಗೆ ಅಂಥ ಇಕ್ಕಟ್ಟಿಲ್ಲ.

ಸಂನ್ಯಾಸಿಯ ನಿಯಮವನ್ನು ಸಂಸಾರಿಯ ತಲೆಗೆ ಕಟ್ಟುವುದೇಕೆ ಎಂಬುದು ಮತ್ತೊಂದು ಆಕ್ಷೇಪ. ಮಾಧ್ವ ಮನೆಗಳಲ್ಲಿ ಗೃಹಸ್ಥರೂ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಮತ್ತೊಂದು ತಿಂಗಳು ಹಾಲು, ಕೊನೆಗೆ ಬೇಳೆಕಾಳು ಬಿಡುವುದನ್ನು ನೆನೆದರೆ ಈ ಗೆರೆ ಅಷ್ಟು ಗಟ್ಟಿಯಾದದ್ದಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಸಂಸಾರಿಗೆ ಆ ನಿಯಮ ಬೇಕಾಗಿರಲಿಲ್ಲ, ಏಕೆಂದರೆ ಅವನು ಮನೆಯಲ್ಲಿ, ಗದ್ದೆಯಲ್ಲಿ ಇದ್ದ. ಇಂದಿನ ಚಾರಣಿಗ ಎರಡು ದಿನದ ಮಟ್ಟಿಗೆ ಮನೆ ಮಠ ಬಿಟ್ಟು, ಬೇಕಾದ್ದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಕಾಡು ಸೇರುತ್ತಾನೆ. ಪರಿವ್ರಾಜಕನ ಸುಖ ಬೇಕು, ಅವನ ಕಟ್ಟಳೆ ಬೇಡವೆಂದರೆ ಹೇಗೆ?

ಮಲೆನಾಡಿನವರು ವರ್ಷವಿಡೀ ಅದೇ ಕಾಡಿನಲ್ಲಿ ಓಡಾಡುತ್ತಾರಲ್ಲ, ಅವರ ಕಾಲಿಗೆ ಕಪ್ಪೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯಲು ಹೋಗುವವನು, ಕಾಲುಸಂಕ ದಾಟಿ ಶಾಲೆಗೆ ಹೋಗುವ ಹುಡುಗಿ, ತಪ್ಪಿಸಿಕೊಂಡ ದನ ಹುಡುಕಿಕೊಂಡು ಹೋಗುವವಳು, ಎಲ್ಲರೂ ತುಳಿಯುತ್ತಾರೆ. ವಿನಯಪಿಟಕ ಇದನ್ನೂ ಯೋಚಿಸಿದೆ. ವರ್ಷಾವಾಸದ ನಡುವೆಯೂ ತಾಯಿಗೋ ತಂದೆಗೋ ಕಾಯಿಲೆಯಾದರೆ, ಜೊತೆಯ ಭಿಕ್ಷು ಹಾಸಿಗೆ ಹಿಡಿದರೆ ಏಳು ದಿನದ ಮಟ್ಟಿಗೆ ಹೋಗಿಬರಬಹುದು. ನೆರೆ, ಕಾಡುಮೃಗ, ಕಳ್ಳರ ಕಾಟ ಬಂದರೆ ಬಿಟ್ಟುಹೋದರೂ ದೋಷವಿಲ್ಲ. ತುಳಿಯದೆ ಬದುಕಲಾಗದು ಎಂಬುದು ಆ ಕಾನೂನು ಮಾಡಿದವರಿಗೆ ಗೊತ್ತಿತ್ತು. ಅವರು ಗೆರೆ ಎಳೆದದ್ದು ಅಗತ್ಯಕ್ಕೂ ಆಸೆಗೂ ನಡುವೆ. ಅಬ್ಬಿ ನೋಡುವ ಆಸೆ ಒಳ್ಳೆಯ ಆಸೆಯೇ ಇರಬಹುದು. ಆದರೂ ಅದು ಆಸೆ. ನಾಲ್ಕು ತಿಂಗಳು ಕಾದರೆ ಅದಕ್ಕೆ ಏನೂ ಆಗುವುದಿಲ್ಲ.

ನೋಡಿದವರಿಗೆ ತಾನೆ ಪ್ರೀತಿ ಹುಟ್ಟುವುದು, ಪ್ರೀತಿ ಇದ್ದವರು ತಾನೆ ಕಾಡು ಉಳಿಸುವುದು ಎಂಬ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಚಾರಣ ಶುರುಮಾಡಿ ಪರಿಸರದ ಕೆಲಸಕ್ಕೆ ಬಿದ್ದವರು ನಮ್ಮಲ್ಲಿ ಇದ್ದಾರೆ. ಆದರೆ ಕೊಡಗಿನ ದೇವರಕಾಡುಗಳು ಸಾವಿರಕ್ಕೂ ಮಿಕ್ಕಿ ಇವೆ, ಕರಾವಳಿಯ ಊರೂರಲ್ಲಿ ನಾಗಬನಗಳಿವೆ. ಇವು ಇಷ್ಟು ಕಾಲ ಉಳಿದದ್ದು ಜನ ಹೊಕ್ಕು ನೋಡಿದ್ದರಿಂದ ಅಲ್ಲ, ಹೊಗದೆ ಇದ್ದದ್ದರಿಂದ. ವರ್ಷದಲ್ಲೊಂದು ದಿನ ಹಬ್ಬಕ್ಕೆ ಹೊಕ್ಕರು, ಉಳಿದಂತೆ ಕೊಡಲಿಯೂ ಕೋವಿಯೂ ಹೊರಗೇ. ಇಲ್ಲಿ ಎರಡು ಮಾತು ಒಪ್ಪಿಕೊಳ್ಳಬೇಕು. ಹೊಗಬಾರದೆಂಬ ನಂಬಿಕೆಯೊಂದೇ ಸಾಲದು, ಕೊಡಗಿನ ದೇವರಕಾಡುಗಳ ವಿಸ್ತೀರ್ಣವೂ ಕಳೆದ ಶತಮಾನದಲ್ಲಿ ಒತ್ತುವರಿಯಿಂದ ಕುಗ್ಗಿದೆ. ಎರಡನೆಯದು ಇನ್ನೂ ಇರಿಯುವಂಥದು. ಬರಬೇಡ ಎಂಬ ಮಾತಿಗೆ ನಮ್ಮ ಸಮಾಜದಲ್ಲಿ ಕೆಟ್ಟ ಚರಿತ್ರೆಯಿದೆ. ಕೆರೆಗೆ, ಬಾವಿಗೆ, ಗುಡಿಗೆ ಯಾರು ಬರಬಾರದೆಂದು ಯಾರು ಹೇಳುತ್ತಿದ್ದರೆಂದು ನಮಗೆಲ್ಲ ಗೊತ್ತು. ಬನಗಳ ಮಡಿಯಲ್ಲೂ ಅದರ ಪಾಲಿದೆ. ಬಸವಣ್ಣನವರಂಥವರು ಕ್ಷೇತ್ರ, ತೀರ್ಥಗಳ ಮೇಲೆ ಸಂಶಯ ಇಟ್ಟದ್ದು ಸುಮ್ಮನಲ್ಲ. ಹಾಗಾಗಿ ನಿಷೇಧವನ್ನು ಹೊಗಳುವವರು ಅದು ಯಾರು ಯಾರಿಗೆ ಹೇಳಿದ್ದೆಂದು ಮೊದಲು ಕೇಳಿಕೊಳ್ಳಬೇಕು. ಮಳೆಗಾಲದ ಕಟ್ಟಳೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಎಂದುಕೊಳ್ಳುತ್ತೇನೆ. ಅದು ಒಂದು ಜಾತಿಯನ್ನೋ ಹೆಣ್ಣನ್ನೋ ಹೊರಗಿಡುವುದಿಲ್ಲ. ಮಠಾಧಿಪತಿಗೂ ಅದೇ, ಭಿಕ್ಷೆ ಬೇಡುವವನಿಗೂ ಅದೇ. ಮುಚ್ಚುವುದು ನಾಲ್ಕು ತಿಂಗಳು, ತೆರೆಯುವುದು ಎಲ್ಲರಿಗೂ.

ಕೊನೆಯ ತಕರಾರು ನಿಸರ್ಗದ್ದೇ. ಮಳೆ ಮುಗಿದ ಮೇಲೆ ಕಾಡಿನಲ್ಲಿ ಹುಟ್ಟು ನಿಲ್ಲುತ್ತದೆಯೇ? ಇಲ್ಲ. ಘಟ್ಟದ ತೊರೆಗಳಲ್ಲಿ ಕುಣಿಯುವ ಕಪ್ಪೆಗಳಿವೆ. ಸಿ. ಆರ್. ನಾರಾಯಣರಾವ್ 1937ರಲ್ಲಿ ಗುರುತಿಸಿದ ಒಂದಕ್ಕೆ ಕೊಟ್ಟಿಗೆಹಾರದ ಹೆಸರೇ ಇದೆ, 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಒಮ್ಮೆಗೇ ಹದಿನಾಲ್ಕು ಹೊಸ ಪ್ರಭೇದಗಳನ್ನು ಹೆಸರಿಸಿದರು. ಇವುಗಳ ಗಂಡು ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ತೋರಿಸುತ್ತದೆ. ಹೆಣ್ಣು ತೊರೆಯ ತಳದ ಜಲ್ಲಿಯನ್ನು ಹಿಂಗಾಲಿನಿಂದ ಕೆದಕಿ ಮೊಟ್ಟೆಯಿಡುತ್ತದೆ. ಇದು ನಡೆಯುವುದು ಮಳೆಗಾಲ ಕಳೆದು ನೀರಿನ ಸೆಳೆತ ಇಳಿದ ಮೇಲೆ, ಸರಿಯಾಗಿ ನಾನು ಹೋಗಿ ಎನ್ನುತ್ತಿರುವ ಕಾಲದಲ್ಲೇ. ಆದ್ದರಿಂದ ಯಾವ ತಿಂಗಳಲ್ಲಿ ಹೋದರೂ ಯಾರಿಗೋ ತೊಂದರೆ ಇದ್ದದ್ದೇ, ಮತ್ತೆ ಆಷಾಢವೊಂದಕ್ಕೇ ಏಕೆ ಅಂಟುವುದು ಎನ್ನಬಹುದು. ಆದರೆ ಹಳೆಯ ನಿಯಮ ಒಂದು ಜೀವವೂ ಸಾಯದ ಕಾಲವನ್ನು ಹುಡುಕಿದ್ದಲ್ಲ. ಉಳಿದ ಎಂಟು ತಿಂಗಳು ಮುನಿಗಳು ನಡೆದೇ ನಡೆದರು. ಕಾಲಿಟ್ಟಲ್ಲೆಲ್ಲ ಜೀವ ಇರುವಾಗ ನಿಲ್ಲು, ತಪ್ಪಿಸಿ ಕಾಲಿಡಲು ಸಾಧ್ಯವಿರುವಾಗ ನೋಡಿ ನಡೆ ಎಂಬುದು ಅದರ ಲೆಕ್ಕ. ಶ್ರಾವಣದಲ್ಲಿ ನೆಲವೂ ಹಳ್ಳವೂ ದಂಡೆಯ ಕಡ್ಡಿಯೂ ಎಲ್ಲವೂ ತುಂಬಿರುತ್ತವೆ, ಎಲ್ಲಿ ತಪ್ಪಿಸುವುದು? ಕಾರ್ತಿಕದಲ್ಲಿ ದಾರಿ ಒಣಗಿರುತ್ತದೆ, ತೊರೆಯ ತಳಕ್ಕೆ ಇಳಿಯದಿದ್ದರೆ ಸಾಕು. ಆಚಾರಾಂಗದ ಮುನಿ ಪಂಚಾಂಗ ಮುಚ್ಚಿಟ್ಟು ದಾರಿ ನೋಡಿದ ಹಾಗೆ ನಾವೂ ನೋಡಬೇಕಾಗುತ್ತದೆ.

ಹೋಮ್‌ಸ್ಟೇ ನಡೆಸುವವರ, ಜೀಪು ಓಡಿಸುವವರ ಹೊಟ್ಟೆಪಾಡು ಏನಾಗಬೇಕೆಂಬುದು ತಾತ್ತ್ವಿಕ ಪ್ರಶ್ನೆಯಲ್ಲ, ಆದರೆ ನಿಜವಾದ ಪ್ರಶ್ನೆ. ಮಲೆನಾಡಿಗೆ ಯಾರೂ ಬರಬೇಡಿ ಎಂದು ನಾನು ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲವೆಂದಿತು. ಅಂದರೆ ಎಷ್ಟು ಜನ ಎಂಬ ಎಣಿಕೆ ಶುರುವಾಗಿದೆ, ಯಾವ ಕಾಲ ಎಂಬ ವಿಚಾರ ಇನ್ನೂ ಅಪಾಯದ ಮಾತಿನಲ್ಲೇ ಸಿಕ್ಕಿಕೊಂಡಿದೆ. ಅದನ್ನು ಇಲಾಖೆಯ ಸುತ್ತೋಲೆಗೆ ಬಿಡದೆ ಹೋಗುವವರೇ ತೀರ್ಮಾನಿಸಿಕೊಂಡರೆ ಚೆನ್ನ. ಆಷಾಢದಲ್ಲಿ ಬನ್ನಿ, ಹೋಮ್‌ಸ್ಟೇಯ ಜಗಲಿಯಲ್ಲಿ ಎರಡು ದಿನ ಕೂತು ಮಳೆ ನೋಡಿ. ಕೊಡುವ ಬಾಡಿಗೆ ಅಷ್ಟೇ ತಾನೆ. ಜೋಗ ನೋಡಬೇಕೆಂದರೆ ಬಸ್ಸಿನಲ್ಲಿ ಹೋಗಿ, 253 ಮೀಟರ್ ಆಳಕ್ಕೆ ಬೀಳುವ ನೀರನ್ನು ಕಟಕಟೆಯ ಈಚೆಯಿಂದ ಎಷ್ಟು ಹೊತ್ತಾದರೂ ನೋಡಿ. ಆಗುಂಬೆ, ಚಾರ್ಮಾಡಿಗಳಲ್ಲಿ ರಸ್ತೆಯ ಪಕ್ಕಕ್ಕೇ ಇಳಿಯುವ ಝರಿಗಳಿವೆ. ಕಾಡಿನ ಒಳಗಿನ ಅಬ್ಬಿಗಳಿಗೆ ಮಾತ್ರ ದೀಪಾವಳಿ ಕಳೆಯುವವರೆಗೆ ಬಿಡುವು ಕೊಡಿ. ಮೇಲಿನ ಹುಲ್ಲುಗಾವಲೂ ಶೋಲಾ ಕಾಡೂ ನಾಲ್ಕು ತಿಂಗಳು ಹೀರಿದ ನೀರನ್ನು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತವೆ. ಕಾಡು ಗಟ್ಟಿಯಾಗಿರುವ ಕಡೆ ನವೆಂಬರ್, ಡಿಸೆಂಬರ್‌ಗಳಲ್ಲೂ ಅಬ್ಬಿಯಲ್ಲಿ ನೀರಿರುತ್ತದೆ. ಹೋದಾಗ ಹಳ್ಳಕ್ಕೆ ಇಳಿಯಬೇಡಿ, ದಂಡೆಯ ಕಲ್ಲಿನ ಮೇಲೇ ಕೂತುಕೊಳ್ಳಿ.